ಲೇತಿನ ಮುಂದೆ ಬಿಳಿ ಗ್ಲೌಸು

ಆಗೆಲ್ಲ ಕಾಮಾಕ್ಷಿಪಾಳ್ಯದಲ್ಲಿ ಬೆಳಗಾಯಿತೆಂದು ನಮಗೆ ಗೊತ್ತಾಗುತ್ತಿದ್ದುದು ರೋಲಿಂಗ್ ಷಟರ್ ಎತ್ತುವ ಸದ್ದಿನಿಂದ. ಎಂಟು ಗಂಟೆಗೆ ಒಂದು ಶೆಡ್ಡು ಬಾಯಿ ತೆರೆದರೆ ಅದರ ಹಿಂದೆಯೇ ಹತ್ತು ಶೆಡ್ಡು. ಒಂದು ಬೀದಿಗೆ ಊದುಬತ್ತಿಯ ವಾಸನೆ, ಮುಂದಿನ ಬೀದಿಗೆ ಕರಗಿದ ಪ್ಲಾಸ್ಟಿಕ್ಕಿನದು, ಅದರಾಚೆ ಕಾದ ಕಬ್ಬಿಣದ್ದು. ಕಣ್ಣು ಮುಚ್ಚಿಕೊಂಡು ಮೂಗು ತೋರಿಸಿದ ಕಡೆ ನಡೆದರೂ ಮನೆ ಸೇರಬಹುದಿತ್ತು. ಆ ಕಡೆ ಬೆಳೆದವರು ಯಾರಾದರೂ ಇದನ್ನು ಓದುತ್ತಿದ್ದರೆ ಆ ವಾಸನೆಗಳನ್ನು ನಾನು ವಿವರಿಸಬೇಕಾಗಿಲ್ಲ.

ನಮ್ಮಪ್ಪ ಅಂಥದೊಂದು ಶೆಡ್ಡಿನಲ್ಲಿ ಅಲ್ಯುಮಿನಿಯಂ ತಪ್ಪಲೆ ಮಾಡುತ್ತಿದ್ದ. ಹೆಸರು ನಂಜಪ್ಪ. ಮಾಗಡಿ ಕಡೆಯ ಹಳ್ಳಿಯಿಂದ ಮೀಸೆ ಬರುವ ಮೊದಲೇ ಬಂದು ಆ ಲೇತಿನ ಮುಂದೆ ನಿಂತವನು. ಚಪಾತಿಯ ಹಾಗೆ ದುಂಡಗಿರುವ ತಗಡನ್ನು ಲೇತಿಗೆ ಕಚ್ಚಿಸಿ ತಿರುಗಲು ಬಿಡುವುದು, ಮೊಂಡು ಮೂತಿಯ ಉದ್ದ ಸಲಾಕೆಯನ್ನು ಕಂಕುಳಲ್ಲಿ ಅವುಚಿಕೊಂಡು ಮೈಭಾರವನ್ನೆಲ್ಲ ಹಾಕಿ ಆ ತಗಡನ್ನು ಒತ್ತುವುದು ಅವನ ಕೆಲಸ. ತಗಡು ಹಿಂದಿನ ಅಚ್ಚಿನ ಮೇಲೆ ಮೆಲ್ಲಗೆ ಮಲಗುತ್ತಾ ಮಲಗುತ್ತಾ ನೋಡುತ್ತಿದ್ದ ಹಾಗೇ ತಪ್ಪಲೆಯಾಗಿಬಿಡುತ್ತಿತ್ತು. ನಡುನಡುವೆ ಎಡಗೈಯಿಂದ ತಿರುಗುವ ತಗಡಿಗೆ ಸೋಪು ಸವರುತ್ತಿರಬೇಕು. ಸವರದಿದ್ದರೆ ತಗಡು ಹರಿಯುತ್ತದೆ. ಅದರ ಅಂಚನ್ನು ಕೊನೆಯಲ್ಲಿ ಕತ್ತರಿಸಿ ನಯ ಮಾಡುವವರೆಗೆ ಅದು ಗರಗಸಕ್ಕೆ ಸಮ.

ಶನಿವಾರ ನಮಗೆ ಬೆಳಗಿನ ಸ್ಕೂಲು. ಮಧ್ಯಾಹ್ನ ಅಪ್ಪನಿಗೆ ಊಟ ತೆಗೆದುಕೊಂಡು ಹೋಗುವುದು ನನ್ನ ಕೆಲಸ. ಮುದ್ದೆ, ಸೊಪ್ಪಿನ ಸಾರು, ಒಂದು ಈರುಳ್ಳಿ. ಊಟವಾದ ಮೇಲೆ ಅಪ್ಪ ಕೆಲಸ ಶುರು ಮಾಡುವುದನ್ನು ತಗಡಿನ ಕಟ್ಟಿನ ಮೇಲೆ ಕೂತು ನೋಡುತ್ತಿದ್ದೆ. ಮೊದಲು ಅಂಗಿ ಬಿಚ್ಚುತ್ತಿದ್ದ. ಆಮೇಲೆ ಮದುವೆಯ ಉಂಗುರ, ಮಣಿಕಟ್ಟಿನ ಮಾದಪ್ಪನ ದಾರ, ಎರಡನ್ನೂ ತೆಗೆದು ಕಂಬದ ಮೊಳೆಗೆ ಹಾಕುತ್ತಿದ್ದ. ದೇವರ ದಾರವನ್ನು ಹಾಗೆ ತೆಗೆದಿಡಬಹುದಾ ಅಂತ ನಾನೊಮ್ಮೆ ಕೇಳಿದ್ದೆ.

"ತಿರುಗೋದ್ರ ಹತ್ರ ತೂಗೋದು ಇರಬಾರ್ದು ಕಣ್ ಮಗಾ" ಅಂದಿದ್ದ. "ದಾರ, ಉಂಗ್ರ, ತೋಳಿನ ಅಂಗಿ, ಗ್ಲೌಸು, ಏನೂ ಇರಬಾರ್ದು. ಬರೀ ಕೈ ತಗುಲಿದ್ರೆ ಚರ್ಮ ಹೋಯ್ತದೆ. ಬಟ್ಟೆ ಸಿಕ್ಕಂಡ್ರೆ ಕೈನೇ ಹೋಯ್ತದೆ. ಮಾದಪ್ಪಂಗೂ ಗೊತ್ತು ಅದು."

ಇನ್ನೊಂದು ಕಟ್ಟಳೆಯೂ ಇತ್ತು. ಲೇತು ಓಡುವಾಗ ಯಾರನ್ನೂ ಹೆಸರು ಹಿಡಿದು ಕೂಗುವ ಹಾಗಿಲ್ಲ. ಕೂಗಿದರೆ ತಲೆ ತಿರುಗುತ್ತದೆ, ತಲೆ ತಿರುಗಿದರೆ ಕೈ ಜರುಗುತ್ತದೆ. ಮಾತಾಡಬೇಕಿದ್ದರೆ ಅವರ ಕಣ್ಣೆದುರು ಬಂದು ನಿಂತು ಕಾಯಬೇಕು. ಓನರ್ ಕೂಡ ಹಾಗೇ ಕಾಯುತ್ತಿದ್ದರು.

ನಾನು ಆಗ ಎಂಟನೇ ಕ್ಲಾಸು, ಸರ್ಕಾರಿ ಶಾಲೆ. ಬಸವೇಶ್ವರನಗರದ ಕಾನ್ವೆಂಟಿನವರು ಬಸ್ಸು ಮಾಡಿಕೊಂಡು ಮೈಸೂರು, ಊಟಿ ಎಂದು ಟೂರ್ ಹೋಗುತ್ತಿದ್ದರು. ನಮ್ಮ ಕ್ಲಾಸ್ ಟೀಚರ್ ಸುಶೀಲಾ ಮಿಸ್ ಆ ವರ್ಷ ಒಂದು ಉಪಾಯ ಮಾಡಿದರು. "ನಿಮ್ಮ ಮನೇಲಿರೋ ಸಾಮಾನೆಲ್ಲ ಎಲ್ಲಿ ತಯಾರಾಗತ್ತೆ ಅಂತ ನೋಡೋಣ. ನಡಕೊಂಡೇ ಹೋಗೋಣ. ಯಾರ ಮನೇವರು ಫ್ಯಾಕ್ಟ್ರೀಲಿ ಕೆಲಸ ಮಾಡ್ತಾರೆ, ಕೈಯೆತ್ತಿ."

ಅರ್ಧ ಕ್ಲಾಸು ಕೈಯೆತ್ತಿತು. ಪಕ್ಕದಲ್ಲಿ ಕೂರುತ್ತಿದ್ದ ಮುಬೀನಾ ಅವಳ ಅಮ್ಮ ಊದುಬತ್ತಿ ಹೊಸೆಯುವ ಕಾರ್ಖಾನೆಯ ಹೆಸರು ಹೇಳಿದಳು. ಇನ್ನೊಬ್ಬ ಬಟ್ಟೆ ಸೋಪಿನದು ಹೇಳಿದ. ನಾನು ಎದ್ದು ನಿಂತು, ನಮ್ಮಪ್ಪ ಎರಡೇ ನಿಮಿಷದಲ್ಲಿ ತಗಡನ್ನು ತಪ್ಪಲೆ ಮಾಡ್ತಾರೆ ಮಿಸ್, ಅಂದೆ. ಹಿಂದಿನ ಬೆಂಚಿನಿಂದ ಒಬ್ಬ "ಏ ತಪ್ಪಲೆ" ಅಂದ. ಅವತ್ತಿನಿಂದ ನನ್ನ ಹೆಸರು ಅದೇ ಆಯಿತು. ನನಗೆ ಬೇಜಾರಾಗಲಿಲ್ಲ. ಮಿಸ್ ಮೂರೂ ಕಡೆ ಮಾತಾಡಿ ಒಪ್ಪಿಸಿದರು. ನಮ್ಮಪ್ಪನ ಶೆಡ್ಡು ಕೊನೆಯದು.

ಬೇಜಾರಾದದ್ದು ಬೇರೆ ವಿಷಯಕ್ಕೆ. ಆ ತಿಂಗಳ ಪ್ರೋಗ್ರೆಸ್ ಕಾರ್ಡಿಗೆ ಅಪ್ಪ ಸಹಿ ಹಾಕಿದಾಗ ಅವನ ಹೆಬ್ಬೆರಳಿನ ಕರಿ ಗುರುತು ಗಣಿತದ ಅಂಕದ ಮೇಲೆ ಕೂತುಬಿಟ್ಟಿತ್ತು. ಅಲ್ಯುಮಿನಿಯಂ ನೋಡಲು ಬೆಳ್ಳಿ, ಕೈಗೆ ಹತ್ತಿದರೆ ಮಸಿ. ಹಿಂದಿನ ಬೆಂಚಿನ ಹುಡುಗರು ಕಾರ್ಡನ್ನು ಕೈಯಿಂದ ಕೈಗೆ ದಾಟಿಸಿ, "ನಿಮ್ಮಪ್ಪ ಇದ್ದಿಲು ಮಾರ್ತಾರಾ?" ಅಂತ ಕೇಳಿದ್ದರು.

ಟೂರಿನ ಹಿಂದಿನ ದಿನ ಸಂಜೆ ಅಪ್ಪ ವಠಾರದ ನಲ್ಲಿಯ ಹತ್ತಿರ ಕೈಕಾಲು ತೊಳೆಯುತ್ತಿದ್ದ. ನಾನು ಬಿಂದಿಗೆ ಹಿಡಿದು ಪಕ್ಕದಲ್ಲಿ ನಿಂತಿದ್ದೆ.

"ಅಪ್ಪಾ, ನಾಳೆ ಎಲ್ಲಾ ಬರ್ತಾರಲ್ಲ. ಕೈ ಸ್ವಲ್ಪ ಚೆನ್ನಾಗಿ ತೊಳ್ಕೊಂಡಿರು."

ಅಪ್ಪ ಎರಡೂ ಕೈ ಎತ್ತಿ ಹಿಂದೆ ಮುಂದೆ ತಿರುಗಿಸಿ, ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿಕೊಂಡ. "ಹೋಗಕ್ಕಿಲ್ಲ ಕಣ್ ಮಗಾ. ಒಳಕ್ ಇಳಿದೈತೆ."

"ಸ್ವಲ್ಪ ಜಾಸ್ತಿ ಉಜ್ಜಿದ್ರೆ ಹೋಗಬಹುದೇನೋ."

ಒಳಗಿಂದ ಅಮ್ಮ, "ನಾಳೆ ಮದುವೆ ಗಂಡಿಗೆ ಹಚ್ಚಿದಂಗೆ ಅರಿಶ್ನ ಹಚ್ಚಿ ಕಳಿಸ್ತೀನಿ ಬಿಡೇ ನಿಮ್ಮಪ್ಪನ್ನ" ಅಂದಳು. ಅಪ್ಪ ನಗಲಿಲ್ಲ. ಮರದ ಹೊಟ್ಟು ತಂದು ಉಜ್ಜಿದ, ಸೋಪು ಹಾಕಿ ಉಜ್ಜಿದ, ಸೀಮೆಎಣ್ಣೆ ಹಚ್ಚಿ ಉಜ್ಜಿದ. ಕೈ ಕೆಂಪಗಾಯಿತು. ಉಗುರಿನ ಸುತ್ತ, ಬಿರುಕಿನ ಗೆರೆಗಳಲ್ಲಿ ಕಪ್ಪು ಹಾಗೇ ಉಳಿಯಿತು.

ಮಾರನೆಯ ದಿನ ನಲವತ್ತು ಜನ ಇಬ್ಬಿಬ್ಬರಾಗಿ ಸಾಲು ಹಿಡಿದು ಹೊರಟೆವು. ಮುಂದೆ ಸುಶೀಲಾ ಮಿಸ್, ಹಿಂದೆ ಡ್ರಿಲ್ ಮೇಷ್ಟ್ರು. ಅವರ ಕೊರಳಲ್ಲಿ ಅವರ ಭಾವನಿಂದ ಇಸಕೊಂಡು ಬಂದ ರೀಲಿನ ಕ್ಯಾಮೆರಾ. ಊದುಬತ್ತಿ ಕಾರ್ಖಾನೆಯಲ್ಲಿ ಹೆಂಗಸರು ಗೋಡೆಗೊರಗಿ ಸಾಲಾಗಿ ಕೂತಿದ್ದರು. ಕರಿ ಹಿಟ್ಟಿನ ಉಂಡೆ, ಬಿದಿರಿನ ಕಡ್ಡಿ, ಅಂಗೈಯ ಒಂದು ಎಳೆತ, ಅಷ್ಟಕ್ಕೇ ಬತ್ತಿ ಆಗಿಬಿಡುತ್ತಿತ್ತು. ಮುಬೀನಾಳ ಅಮ್ಮ ನಮ್ಮನ್ನು ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಕೈ ನಿಲ್ಲಿಸಲಿಲ್ಲ. ಹೊರಬರುವಾಗ ನಲವತ್ತು ಮಕ್ಕಳ ಮೈಯೂ ದೇವರ ಮನೆಯ ಹಾಗೆ ಘಮಘಮ ಅನ್ನುತ್ತಿತ್ತು.

ಎರಡನೆಯದು ಬಟ್ಟೆ ಸೋಪಿನ ಕಾರ್ಖಾನೆ. ನೀಲಿ ಸೋಪಿನ ದೊಡ್ಡ ಹಾಸನ್ನು ತಂತಿಯಿಂದ ಹಲ್ವಾ ಕುಯ್ದ ಹಾಗೆ ಕುಯ್ಯುತ್ತಿದ್ದರು. ಅಲ್ಲಿ ನಿಂತಿದ್ದಾಗ ಡ್ರಿಲ್ ಮೇಷ್ಟ್ರ ಮೊಬೈಲಿಗೆ ಫೋನ್ ಬಂತು. ಮಾತಾಡಿ ಮಿಸ್ ಕಡೆ ತಿರುಗಿದರು.

"ತಪ್ಪಲೆ ಫ್ಯಾಕ್ಟ್ರಿ ಓನರ್ ಮೇಡಂ. ಎಲ್ಲಾ ರೆಡಿ ಬನ್ನಿ ಅಂತಾರೆ. ವರ್ಕರ್ಸ್‌ಗೆಲ್ಲ ಹೊಸ ಬಿಳಿ ಗ್ಲೌಸ್ ಕೊಡಿಸಿದಾರಂತೆ, ಫೋಟೋ ಚೆನ್ನಾಗಿ ಬರ್ಲಿ ಅಂತ."

"ನೋಡಿ, ಎಷ್ಟು ಕಾಳಜಿ" ಅಂದರು ಮಿಸ್.

ಸಾಲು ಬಿಟ್ಟು ಮಿಸ್ ಹತ್ತಿರ ಹೋದೆ.

"ಮಿಸ್, ಲೇತ್ ಓಡ್ಸೋವಾಗ ಗ್ಲೌಸ್ ಹಾಕಬಾರ್ದು."

"ಯಾರು ಹೇಳಿದ್ದು?"

"ನಮ್ಮಪ್ಪ."

"ನಿಮ್ಮಪ್ಪಂಗೆ ಗೊತ್ತಿರೋದು ಓನರ್‌ಗೆ ಗೊತ್ತಿರಲ್ವೇನಮ್ಮ? ಸೇಫ್ಟಿಗೇ ತಾನೇ ಗ್ಲೌಸ್ ಇರೋದು. ಲೈನ್ ಬಿಡಬೇಡ, ಹೋಗು."

ಹೋಗಿ ನಿಂತೆ. ಸೋಪಿನವರು ಎಲ್ಲರಿಗೂ ಮಜ್ಜಿಗೆ ಕೊಟ್ಟರು. ನಾನು ಕುಡಿಯದೆ ಮುಬೀನಾಳಿಗೆ ಕೊಟ್ಟೆ.

"ಯಾಕೇ, ಹೊಟ್ಟೆ ನೋವಾ?"

"ಅಪ್ಪ ಗ್ಲೌಸ್ ಹಾಕ್ಕೊಂಡ್ರೆ ಕೈ ಹೋಗತ್ತೆ."

"ಹಾಕ್ಕೊಳ್ಳಲ್ಲ ಬಿಡೇ. ನಿಂಗೆ ಹೇಳ್ಕೊಟ್ಟಿದ್ದೇ ಅವ್ರಲ್ವಾ?"

ಅದು ನಿಜ ಅನ್ನಿಸಿತು. ಓನರ್ ಕೊಟ್ಟರೆ ಇಸಕೊಂಡು ಜೇಬಿಗೆ ಹಾಕಿಕೊಳ್ಳುತ್ತಾನೆ. ಇಪ್ಪತ್ತು ವರ್ಷದಿಂದ ದೇವರ ದಾರವನ್ನೇ ಬಿಚ್ಚಿಡುವವನು ಗ್ಲೌಸು ಹಾಕುತ್ತಾನಾ? ಹತ್ತು ಹೆಜ್ಜೆ ಸಮಾಧಾನದಿಂದ ನಡೆದೆ. ಆಮೇಲೆ ಹಿಂದಿನ ಸಂಜೆಯ ನಲ್ಲಿ ಕಣ್ಣ ಮುಂದೆ ಬಂತು. ಸೀಮೆಎಣ್ಣೆ ಹಚ್ಚಿದ ಮೇಲೂ ಹೋಗದ ಕಪ್ಪು, ಅಪ್ಪ ಕೈ ಎತ್ತಿ ತಿರುಗಿಸಿ ನೋಡಿಕೊಂಡದ್ದು. ಕೈ ಚೆನ್ನಾಗಿ ಕಾಣಲಿ ಎಂದವಳು ನಾನು. ಕೈ ಮುಚ್ಚುವುದಕ್ಕೆ ಹೊಸ ಬಿಳಿ ಗ್ಲೌಸು ಸಿಕ್ಕಿದರೆ ಅಪ್ಪ ಇವತ್ತು ಬಿಡುವುದಿಲ್ಲ ಅನ್ನುವುದು ನನಗೆ ಖಚಿತವಾಗಿ ಗೊತ್ತಾಯಿತು.

ಅಲ್ಲಿಂದ ಶೆಡ್ಡಿಗೆ ನಾಲ್ಕು ಬೀದಿ. ನಾನೊಬ್ಬಳೇ ಆದರೆ ಐದು ನಿಮಿಷ. ನಲವತ್ತು ಜನ ಇಬ್ಬಿಬ್ಬರಾಗಿ ನಡೆದರೆ ಅದು ಮುಗಿಯುವುದಿಲ್ಲ. ಒಬ್ಬನ ಚಪ್ಪಲಿ ಕಿತ್ತಿತು, ಎಲ್ಲರೂ ನಿಂತೆವು. ಕಬ್ಬಿಣದ ಸಲಾಕೆ ತುಂಬಿದ ಲಾರಿಯೊಂದು ಬೀದಿಗೆ ಅಡ್ಡ ನಿಂತು ಹಿಂದೆ ಮುಂದೆ ಆಡುತ್ತಿತ್ತು, ಮತ್ತೆ ನಿಂತೆವು. "ರೈಟ್, ರೈಟ್, ಬಾ, ಬಾ" ಅಂತ ಕ್ಲೀನರ್ ಲಾರಿಯ ಹಿಂಬದಿ ತಟ್ಟುತ್ತಿದ್ದ. ಬಾಗಿ ಲಾರಿಯ ಕೆಳಗಿನಿಂದ ಆಚೆ ಹೋಗಿಬಿಡಲಾ ಅನ್ನಿಸಿತು. ಮಿಸ್ ನನ್ನನ್ನೇ ನೋಡುತ್ತಿದ್ದರು. "ಇವತ್ತೇನು ಪದ್ಮಾ, ಕಾಲಲ್ಲಿ ಇರುವೆ ಬಿಟ್ಕೊಂಡಿದೀಯಾ?"

ಶೆಡ್ಡಿನ ಬಾಗಿಲಿಗೆ ರಂಗೋಲಿ ಹಾಕಿದ್ದರು. ಓನರ್ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ನಿಂತಿದ್ದರು. ಒಳಗೆ ಮೂರು ಲೇತು, ಮುಂದೆ ಮಕ್ಕಳು ದಾಟದ ಹಾಗೆ ಕಟ್ಟಿದ ನೈಲಾನ್ ಹಗ್ಗ. ಮೊದಲ ಲೇತು ಖಾಲಿ. ಎರಡನೆಯದರಲ್ಲಿ ಸೆಲ್ವಣ್ಣ. ತಮಿಳುನಾಡಿನ ಕಡೆಯವರು, ಶನಿವಾರ ನನಗೆ ಕಡಲೆಮಿಠಾಯಿ ಕೊಡುತ್ತಿದ್ದವರು. ಅವರ ಗ್ಲೌಸು ಚಡ್ಡಿಯ ಜೇಬಿನಿಂದ ಇಣುಕುತ್ತಿತ್ತು, ಕೈ ಬರಿಗೈ. ಮೂರನೆಯದರಲ್ಲಿ ಅಪ್ಪ.

ಅಪ್ಪ ಹಬ್ಬದ ಅಂಗಿ ಹಾಕಿದ್ದ. ತೋಳನ್ನೇನೋ ಮೊಣಕೈ ಮೇಲಕ್ಕೆ ಮಡಿಸಿದ್ದ. ಉಂಗುರ ಮತ್ತು ದಾರ ಎಂದಿನ ಹಾಗೆ ಮೊಳೆಯ ಮೇಲಿದ್ದವು. ಎರಡೂ ಕೈಗೆ ಹಾಲಿನಂಥ ಬಿಳಿ ಗ್ಲೌಸು. ಬೆರಳಿನ ತುದಿಯಲ್ಲಿ ಅರ್ಧ ಇಂಚು ಸಡಿಲವಾಗಿ ಜೋತಾಡುತ್ತಿತ್ತು.

ನನ್ನನ್ನು ನೋಡಿ ಕಣ್ಣಿನಲ್ಲೇ ನಕ್ಕ. ನಾನು ತಲೆಯಾಡಿಸಿ ಬೇಡ ಅಂದೆ. ಅವನಿಗೆ ತಿಳಿಯಲಿಲ್ಲವೋ, ತಿಳಿದೂ ಬಿಟ್ಟನೋ. ಲೇತು ಶುರುವಾಯಿತು.

ಓನರ್ ಲೇತುಗಳಿಗೆ ಬೆನ್ನು ಹಾಕಿ ನಿಂತು ಗಟ್ಟಿ ದನಿಯಲ್ಲಿ ವಿವರಿಸುತ್ತಿದ್ದರು. ನನಗೆ ಒಂದು ಮಾತೂ ಕೇಳಲಿಲ್ಲ. ತಗಡು ಮೊದಲು ಕುಯ್ ಅಂದು, ಸಲಾಕೆ ಒತ್ತಿದಂತೆ ಸ್ವರ ಏರುತ್ತಾ ಕಿವಿ ಚುಚ್ಚತೊಡಗಿತು. ಅಪ್ಪನ ಎಡಗೈ ಸೋಪಿನ ತುಂಡು ಹಿಡಿದು ತಗಡಿನ ಹತ್ತಿರ ಹೋಯಿತು. ಸವರಿ ಹಿಂದೆ ಬಂತು. ಮತ್ತೆ ಹೋಯಿತು. ಬರಿಗೈಗೆ ತಗಡು ಎಲ್ಲಿದೆ ಅಂತ ಗಾಳಿಯಲ್ಲೇ ಗೊತ್ತಾಗುತ್ತದೆ ಅನ್ನುತ್ತಿದ್ದ ಅಪ್ಪ. ಆ ಬಟ್ಟೆಯೊಳಗಿನ ಬೆರಳಿಗೆ ಏನು ಗೊತ್ತಾಗುತ್ತಿತ್ತೋ. ಸೆಲ್ವಣ್ಣ ತಮ್ಮ ಲೇತು ಓಡಿಸುತ್ತಲೇ ಓರೆಗಣ್ಣಲ್ಲಿ ಅಪ್ಪನ ಕೈ ನೋಡುತ್ತಿದ್ದರು. ಅವರ ಮುಖದಲ್ಲೂ ನಗು ಇರಲಿಲ್ಲ.

"ಅಬ್ಬಾ, ಬಗ್ತಾ ಇದೆ ನೋಡೇ" ಅಂದಳು ಮುಬೀನಾ. ಹುಡುಗರು ಬೆರಗಾಗಿ ಬಾಯಿ ಬಿಟ್ಟಿದ್ದರು. ಡ್ರಿಲ್ ಮೇಷ್ಟ್ರು ಕ್ಯಾಮೆರಾ ಕಣ್ಣಿಗಿಟ್ಟು ಹಗ್ಗದ ಹತ್ತಿರ ಬಗ್ಗಿದರು.

"ಮುಖ ಕಾಣ್ತಾ ಇಲ್ವಲ್ಲ ಮೇಡಂ. ಅಣ್ಣಾ, ಇಲ್ಲೊಂದ್ಸಲ ನೋಡಿ."

ಅಪ್ಪನಿಗೆ ಕೇಳಿಸಲಿಲ್ಲ.

"ಪದ್ಮಾ, ನಿಮ್ಮಪ್ಪ ಅಲ್ವಾ ಅವ್ರು? ಕರಿಯಮ್ಮ, ಈ ಕಡೆ ನೋಡ್ಲಿ" ಅಂದರು ಮಿಸ್.

ನಾನು ಬಾಯಿ ಬಿಗಿಹಿಡಿದು ನಿಂತೆ.

"ನಾಚಿಕೆನಾ? ಸರಿ, ಮಕ್ಕಳೇ, ಎಲ್ಲರೂ ಒಟ್ಟಿಗೆ ಅಂಕಲ್ ಅಂತ ಕೂಗಿ. ಒಂದು, ಎರಡು..."

ನಲವತ್ತು ಬಾಯಿ ಒಟ್ಟಿಗೆ ಕೂಗಿದರೆ ಅಪ್ಪ ತಿರುಗುತ್ತಾನೆ. ನನ್ನ ಕ್ಲಾಸಿನವರು ಅಂತಲೇ ತಿರುಗುತ್ತಾನೆ. ನಾನು ಹಗ್ಗದ ಕೆಳಗೆ ನುಗ್ಗಿದೆ. ಹಿಂದಿನಿಂದ ಮಿಸ್ "ಏಯ್" ಅಂದದ್ದು, ಓನರ್ ಕೈಚಾಚಿದ್ದು, ಜಡೆಯ ರಿಬ್ಬನ್ ಯಾರದೋ ಬೆರಳಿಗೆ ಸಿಕ್ಕಿ ಬಿಚ್ಚಿಹೋದದ್ದು ಗೊತ್ತಾಯಿತು. ಉಂಗುರ ನೇತುಹಾಕಿದ್ದ ಕಂಬದಲ್ಲೇ ಲೇತು ನಿಲ್ಲಿಸುವ ಕೆಂಪು ಗುಂಡಿ. ಯಾವತ್ತೂ ಮುಟ್ಟಬಾರದೆಂದು ಹೇಳಿಸಿಕೊಂಡಿದ್ದ ಗುಂಡಿ. ಅಂಗೈಯಿಂದ ಗುದ್ದಿದೆ.

ಅದೇ ಹೊತ್ತಿಗೆ ಕೂಗಿದರು. ಅಪ್ಪನ ತಲೆ ತಿರುಗಿತು. ಎಡಗೈ ತಗಡಿನ ಹತ್ತಿರವೇ ಇತ್ತು. ಚರಕ್ ಅಂದದ್ದು ನನಗೆ ಕೇಳಿಸಿತು. ಅಪ್ಪ ಮೈಯನ್ನೆಲ್ಲ ಹಿಂದಕ್ಕೆ ಎಳೆದುಕೊಂಡು ಗೋಡೆಗೆ ಬಡಿದ. ಸಲಾಕೆ ನೆಲಕ್ಕೆ ಬಿತ್ತು. ಕರೆಂಟು ಹೋದ ಲೇತು ತಿರುಗುತ್ತಾ, ನಿಧಾನವಾಗುತ್ತಾ, ಕೊನೆಗೆ ನಿಂತಿತು.

ಅರ್ಧ ಆಗಿದ್ದ ತಪ್ಪಲೆಯ ಕೊರಳಿಗೆ ಒಂದು ಗ್ಲೌಸು ಸುತ್ತಿಕೊಂಡಿತ್ತು.

ಅಪ್ಪ ಎಡಗೈಯನ್ನು ಬಲಗೈಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡಿದ್ದ. ನನಗೆ ಕಂಬ ಬಿಟ್ಟು ಕದಲಲಾಗಲಿಲ್ಲ. ಸೆಲ್ವಣ್ಣ ಓಡಿ ಬಂದು ಅವನ ಮುಷ್ಟಿ ಬಿಡಿಸಿದರು. ಒಂದು, ಎರಡು, ಮೂರು ಎಂದು ಬೆರಳು ಮುಟ್ಟಿ ಮುಟ್ಟಿ ನೋಡಿ, "ಇದೆ. ಎಲ್ಲಾ ಇದೆ" ಅಂದರು. ತೋರುಬೆರಳಿನ ಉಗುರು ಅರ್ಧ ಎದ್ದು ರಕ್ತ ಇಳಿಯುತ್ತಿತ್ತು. ಅಷ್ಟೇ.

ಓನರ್ ಮುಖ ಬಿಳಿಚಿತ್ತು. "ಯಾರು ಸ್ವಿಚ್ ಮುಟ್ಟಿದ್ದು?" ಅಂದರು. ಬೈಯುವುದಕ್ಕೋ ಹೊಗಳುವುದಕ್ಕೋ ಅವರಿಗೇ ಗೊತ್ತಿದ್ದಂತಿರಲಿಲ್ಲ.

"ನನ್ ಮಗಳು ಸಾರ್" ಅಂದ ಅಪ್ಪ.

"ಅಲ್ಲಯ್ಯಾ, ನಿಂಗೆ ಗೊತ್ತಿರಲಿಲ್ವಾ? ಸೆಲ್ವ ಹಾಕ್ಕೊಂಡಿಲ್ಲ ನೋಡು."

"ಗೊತ್ತಿತ್ತು ಸಾರ್. ಗೊತ್ತಿದ್ದೂ ಹಾಕ್ಕೊಂಡೆ. ತಪ್ಪು ನಂದೇ."

ಸೆಲ್ವಣ್ಣ ಮೆಲ್ಲಗೆ, "ಫೋಟೋಗೆ ನಿಂತ್ಕೊಳ್ಳೋವಾಗ ಹಾಕ್ಕೊಳ್ರೋ ಅಂದಿದ್ರಿ ಸಾರ್ ನೀವು" ಅಂದರು. ಓನರ್ ತಪ್ಪಲೆಗೆ ಸುತ್ತಿದ್ದ ಗ್ಲೌಸನ್ನು ಬಿಡಿಸತೊಡಗಿದರು. ಸುಶೀಲಾ ಮಿಸ್ ನನ್ನ ಹತ್ತಿರ ಬಂದರು. ಹೊಡೆಯುತ್ತಾರೆ ಅಂದುಕೊಂಡೆ. ಬಿಚ್ಚಿದ ನನ್ನ ರಿಬ್ಬನ್ನನ್ನು ತಿರುಗಿ ಕಟ್ಟಿದರು.

ಅಪ್ಪ ಇನ್ನೊಂದು ಗ್ಲೌಸನ್ನೂ ಕಿತ್ತು ಕೆಳಗೆ ಹಾಕಿದ. ಬೆರಳಿಗೆ ಅರಿಶಿನ ಒತ್ತಿಸಿಕೊಂಡು, ಹಬ್ಬದ ಅಂಗಿಯನ್ನೂ ಬಿಚ್ಚಿ, ಬನಿಯನ್ನಿನಲ್ಲಿ ನಿಂತು ಹೊಸ ತಗಡು ಕಚ್ಚಿಸಿದ. ಬೇಡ ಬಿಡು ಅಂತ ಓನರ್ ಅಂದರು. "ಮಕ್ಕಳು ನಡಕೊಂಡು ಬಂದವ್ರೆ ಸಾರ್. ಒಂದ್ ಪೂರ್ತಿ ತೋರ್ಸದೆ ಕಳ್ಸಕಾಯ್ತದಾ" ಅಂದ. ಆ ತಪ್ಪಲೆ ಪೂರ್ತಿಯಾಯಿತು. ಅಂಚು ಕತ್ತರಿಸುವಾಗ ಬೆಳ್ಳಿಯ ಎಳೆಯಂಥ ಸುರುಳಿ ಹಾರಿ ಹಾರಿ ಬಿತ್ತು. ಅಪ್ಪ ಅದನ್ನು ಕಳಚಿ, ಕರಿ ಬೆರಳುಗಳಲ್ಲಿ ಹಿಡಿದು ಹಗ್ಗದ ಆಚೆಗೆ ಚಾಚಿದ. ಹುಡುಗರು ಮುಟ್ಟಿ ನೋಡಿದರು. "ಬಿಸಿ ಇದೆ ಕಣೋ" ಅಂದ, ಇದ್ದಿಲಿನ ಮಾತು ಆಡಿದ್ದವರಲ್ಲೇ ಒಬ್ಬ. ಚಪ್ಪಾಳೆ ಹೊಡೆದರು. ಅಷ್ಟೂ ಹೊತ್ತು ಅಪ್ಪ ನನ್ನ ಕಡೆ ಒಂದು ಸಲವೂ ನೋಡಲಿಲ್ಲ.

ಸಂಜೆ ಮನೆಯ ಮೆಟ್ಟಿಲ ಮೇಲೆ ಕೂತಿದ್ದ. ಬೆರಳಿಗೆ ಬಟ್ಟೆ ಸುತ್ತಿತ್ತು. ನಾನು ಪಕ್ಕದಲ್ಲಿ ಹೋಗಿ ಕೂತೆ.

"ನಿನ್ ಫ್ರೆಂಡ್ಸು ಕೈ ನೋಡಿದ್ರಾ?"

"ನೋಡಿದ್ರು."

"ಏನಂದ್ರು?"

"ಮುಬೀನಾ ಅಂದ್ಲು, ನಮ್ಮಮ್ಮಿ ಕೈನೂ ಹಿಂಗೇ ಕರ್ರಗೆ, ವಾಸ್ನೆ ಮಾತ್ರ ನಮ್ದೇ ಚೆನ್ನಾಗಿದೆ ಅಂತ."

ಅಪ್ಪ ಜೋರಾಗಿ ನಕ್ಕ. ನಗು ನಿಂತ ಮೇಲೆ ಬೆರಳಿನ ಬಟ್ಟೆಯನ್ನು ಬಿಗಿ ಮಾಡಿಕೊಂಡ. ನಾನು ತಪ್ಪಾಯಿತು ಅಂತ ಹೇಳಬೇಕೆಂದಿದ್ದೆ. ನಲ್ಲಿಯ ಹತ್ತಿರ ಹಾಗೆ ಅನ್ನಬಾರದಿತ್ತು ಅಂತ. ಮಾತು ಜೋಡಿಸಿಕೊಳ್ಳುವಷ್ಟರಲ್ಲಿ ಅವನೇ ಹೇಳಿದ.

"ಇನ್ಮ್ಯಾಕೆ ಶನಿವಾರ ಊಟ ತರಬ್ಯಾಡ ಮಗಾ. ಬೆಳಿಗ್ಗೇನೇ ಕಟ್ಟಿಸ್ಕೊಂಡ್ ಹೋಯ್ತೀನಿ."

"ಓನರ್ ಬೈದ್ರಾ?"

"ಇಲ್ಲ. ನೀನ್ ಎದುರ್ಗಿದ್ರೆ ನಾನ್ ಹೆಂಗ್ ಕಾಣ್ತೀನಿ ಅನ್ನೋದ್ ಬತ್ತದೆ ತಲೇಗೆ. ಆ ಕೆಲ್ಸಕ್ಕೆ ಅದು ಬರಬಾರ್ದು."

ಅಪ್ಪ ಸಿಟ್ಟಿನಿಂದ ಹೇಳಿದ್ದಲ್ಲ. ಲೇತಿನ ಇನ್ನೊಂದು ಕಟ್ಟಳೆ ಹೇಳಿಕೊಡುವ ಹಾಗೆ ಹೇಳಿದ. ನಾನು ಹೂಂ ಅಂದೆ. ನನ್ನ ಮಾತು ನನ್ನೊಳಗೇ ಉಳಿಯಿತು.

ನಾನು ಬಿ.ಕಾಂ. ಮಾಡಿದೆ. ಅಪ್ಪನ ಕಡೆಯಲ್ಲೂ ಅಮ್ಮನ ಕಡೆಯಲ್ಲೂ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾರೂ ಪುಕ್ಕಟೆ ಕೊಟ್ಟದ್ದಲ್ಲ ಅದು. ಈಗ ನಾನಿರುವುದು ಬಸವೇಶ್ವರನಗರದಲ್ಲಿ, ಆಫೀಸಿಗೆ ಸ್ಕೂಟರಿನಲ್ಲಿ ಹೋಗುತ್ತೇನೆ. ಅಪ್ಪ ಅಮ್ಮ ನನ್ನ ಜೊತೆಗೇ ಇದ್ದಾರೆ. ಆ ಶೆಡ್ಡು ಇದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್ ಬಂದಿದೆ, ಲೇತು ಇದ್ದ ಕಡೆ ಕಾರು ನಿಲ್ಲಿಸುತ್ತಾರೆ. ಸೋಪಿನ ಕಾರ್ಖಾನೆ ಮುಚ್ಚಿತು. ಮಕ್ಕಳನ್ನು ನಡೆಸಿಕೊಂಡು ಹೋಗಿ ತೋರಿಸುವಂಥದ್ದು ಆ ಬೀದಿಗಳಲ್ಲಿ ಈಗ ಹೆಚ್ಚೇನೂ ಉಳಿದಿಲ್ಲ. ಅನ್ನದ ಪಾತ್ರೆ ಎಲ್ಲಿಂದ ಬರುತ್ತದೆ ಅಂತ ನನ್ನ ಮಗಳನ್ನು ಕೇಳಿದರೆ, ಬಾಕ್ಸಿನಲ್ಲಿ ಬರುತ್ತದೆ ಅನ್ನುತ್ತಾಳೆ.

ಅಪ್ಪ ಅವಳಿಗೆ ಆ ಕೆಲಸದ ಕಥೆ ಹೇಳುತ್ತಾನೆ. ಛತ್ರಗಳಿಗೆ ಅಂತ ಮಾಡಿದ ಆಳೆತ್ತರದ ಪಾತ್ರೆ, ಒಬ್ಬನಿಂದಾಗದೆ ಸೆಲ್ವಣ್ಣನೂ ಅವನೂ ಒಂದೇ ಸಲಾಕೆಗೆ ಮೈಕೊಟ್ಟು ಒತ್ತಿದ್ದು, ಒಂದೇ ದಿನದಲ್ಲಿ ಕಲಿತ ಹೊಸ ಅಚ್ಚು. ಅವಳ ಜೊತೆ ಕೂತು ನಾನೂ ಹೊಸಬಳ ಹಾಗೆ ಕೇಳುತ್ತೇನೆ. ಅವೆಲ್ಲ ಆ ಶನಿವಾರಗಳು ನಿಂತ ಮೇಲಿನವು. ಅದಾದ ಮೇಲೆ ಅಪ್ಪ ಇನ್ನೂ ಹನ್ನೊಂದು ವರ್ಷ ಲೇತಿನ ಮುಂದೆ ನಿಂತ. ಎಷ್ಟು ತಪ್ಪಲೆ ಮಾಡಿದನೋ ಅವನಿಗೂ ಲೆಕ್ಕವಿಲ್ಲ. ಒಂದನ್ನೂ ನಾನು ನೋಡಲಿಲ್ಲ.